ಕಣ್ಣಿಗೆ ಕಂಡಷ್ಟೇ ವೇಗ: ಬೀದರಿನ ಸೈಕಲ್ ಸವಾರರಿಗೂ ಜಿಲ್ಲಾಡಳಿತಕ್ಕೂ ಒಂದು ಬಹಿರಂಗ ಪತ್ರ

ಬೀದರ ಜಿಲ್ಲಾಧಿಕಾರಿಗಳಿಗೆ, ಅರಣ್ಯ ಮತ್ತು ಪುರಾತತ್ವ ಇಲಾಖೆಯ ಅಧಿಕಾರಿಗಳಿಗೆ, ಮತ್ತು ಗೇರ್ ಸೈಕಲ್ ಹತ್ತಿ ಬೆಳಗ್ಗೆ ಬೆಳಗ್ಗೆ ಗುಡ್ಡದ ಕಡೆ ಹೊರಡುವ ತಮ್ಮಂದಿರಿಗೆ, ತಂಗಿಯರಿಗೆ,

ನಮಸ್ಕಾರ.

ಅಧಿಕಾರಿಗಳಿಗೆ ಒಂದು, ಸವಾರರಿಗೆ ಒಂದು ಅಂತ ಎರಡು ಪತ್ರ ಬರೆಯಬಹುದಿತ್ತು. ಬೇಕೆಂದೇ ಒಂದೇ ಪತ್ರ ಬರೆಯುತ್ತಿದ್ದೇನೆ. ಹುಡುಗರಿಗೆ ನಾನು ಏನು ಹೇಳುತ್ತೇನೆ ಅನ್ನೋದು ಅಧಿಕಾರಿಗಳಿಗೆ ಗೊತ್ತಾಗಲಿ. ಅಧಿಕಾರಿಗಳಿಂದ ಏನು ಕೇಳುತ್ತಿದ್ದೇನೆ ಅನ್ನೋದು ಹುಡುಗರಿಗೂ ಗೊತ್ತಾಗಲಿ.

ನಮ್ಮ ಊರಲ್ಲಿ ದಪ್ಪ ಟಯರಿನ ಸೈಕಲ್‌ಗಳು ಜಾಸ್ತಿ ಆಗಿವೆ. ನೌಬಾದ್ ಕಡೆ, ಚಿದ್ರಿ ಕಡೆ, ಕೋಟೆ ಇಳಿದು ಅಷ್ಟೂರಿನ ಕಡೆ, ಹೊನ್ನಿಕೇರಿ ಕಾಡಿನ ಅಂಚಿಗೆ ಬೆಳಗಿನ ಹೊತ್ತು ನಾಲ್ಕೈದು ಜನರ ಗುಂಪು ಹೊರಟಿರುತ್ತದೆ. ಮೊಬೈಲ್ ಹಿಡಿದು ಮನೆಯಲ್ಲಿ ಕೂರೋ ವಯಸ್ಸಿನ ಮಕ್ಕಳು ಬೆವರು ಸುರಿಸಿ ಏರು ಹತ್ತುವುದನ್ನು ನೋಡಿದರೆ ನನಗೆ ನಿಜವಾಗಿ ಖುಷಿಯಾಗುತ್ತದೆ. ಆದರೆ ಅದೇ ಮಕ್ಕಳು ಇಳಿಜಾರಿನಲ್ಲಿ ಬರುವುದನ್ನು ನೋಡಿದಾಗ ಎದೆ ಝಲ್ ಅನ್ನುತ್ತದೆ. ತಲೆಗೆ ಹೆಲ್ಮೆಟ್ ಇಲ್ಲ, ಕಿವಿಯಲ್ಲಿ ಇಯರ್‌ಫೋನ್, ಮುಂದೆ ಏನಿದೆ ಅಂತ ಕಾಣದ ತಿರುವಿಗೆ ನೇರ ನುಗ್ಗುತ್ತಾರೆ.

ಹಾಗಾಗಿ ಮೊದಲು ಸವಾರರಿಗೆ ಒಂದು ಮಾತು. ಈ ಪತ್ರದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ಕಣ್ಣಿಗೆ ಎಷ್ಟು ದಾರಿ ಕಾಣುತ್ತದೋ ಅಷ್ಟರೊಳಗೆ ಸೈಕಲ್ ನಿಲ್ಲಬೇಕು. ನಿಲ್ಲುವುದಿಲ್ಲ ಅನ್ನಿಸಿದರೆ ನಿಮ್ಮ ವೇಗ ಜಾಸ್ತಿಯಾಗಿದೆ ಎಂದರ್ಥ.

ಸುಮ್ನೆ ಹೇಳುತ್ತಿಲ್ಲ, ಲೆಕ್ಕ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ 8 ಮೀಟರ್‌ಗಿಂತ ಜಾಸ್ತಿ ಹೋಗುತ್ತದೆ. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಬೆರಳು ಬ್ರೇಕ್ ಹಿಡಿಯುವಷ್ಟರಲ್ಲಿ ಆ ಒಂದು ಸೆಕೆಂಡ್ ಮುಗಿದಿರುತ್ತದೆ. ಬ್ರೇಕ್ ಹಿಡಿದ ಮೇಲೆ ಉರುಳುವ ದೂರ ಬೇರೆ. ವೇಗ ಎರಡು ಪಟ್ಟಾದರೆ ಆ ದೂರ ನಾಲ್ಕು ಪಟ್ಟಾಗುತ್ತದೆ. ಇದು ಡಾಂಬರು ರಸ್ತೆಯ ಲೆಕ್ಕ. ನಮ್ಮ ನೆಲದಲ್ಲಿ ಇನ್ನೂ ಜಾಸ್ತಿ.

ನಮ್ಮ ನೆಲದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಯೂಟ್ಯೂಬ್‌ನಲ್ಲಿ ಸೈಕಲ್ ಕಲಿಸುವವರ್ಯಾರೂ ಬೀದರಿನ ನೆಲದ ಮೇಲೆ ನಿಂತು ಕಲಿಸುವುದಿಲ್ಲ. ಬೀದರ ಇರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ. ಕೋಟೆಯ ಸುತ್ತಲಿನ ಮೂರು ಸಾಲಿನ ಕಂದಕವನ್ನು ಇದೇ ಕಲ್ಲಿನಲ್ಲಿ ಕೊರೆದಿದ್ದಾರೆ. ಕಲ್ಲು ಒಡೆದು ಮೇಲೆ ಬಂದಿರುವ ಮೊರಂ ಇದೆಯಲ್ಲ, ಅದರಲ್ಲಿ ಸಣ್ಣ ಸಣ್ಣ ಗುಂಡನೆಯ ಕೆಂಪು ಹರಳು ಇರುತ್ತವೆ. ಒಂದು ಹಿಡಿ ಎತ್ತಿಕೊಂಡು ಅಂಗೈಯಲ್ಲಿ ಉರುಳಿಸಿ ನೋಡಿ. ಗಟ್ಟಿ ನೆಲದ ಮೇಲೆ ಗೋಲಿ ಹರಡಿದ ಹಾಗೆ ಅವು ಟಯರಿನ ಕೆಳಗೆ ಜಾರುತ್ತವೆ. ನೇರ ಹೋಗುವಾಗ ಗೊತ್ತಾಗುವುದಿಲ್ಲ. ತಿರುವಿನಲ್ಲಿ ಸೈಕಲ್ ವಾಲಿಸಿ, ಹೆದರಿ ಮುಂದಿನ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಒಮ್ಮೆಲೇ ಕೈಬಿಡುತ್ತದೆ. ಮೊದಲು ನೆಲಕ್ಕೆ ಬೀಳೋದು ಭುಜ, ಆಮೇಲೆ ತಲೆ.

ಆದ್ದರಿಂದ ಬ್ರೇಕ್ ಹಿಡಿಯುವ ಜಾಗ ತಿರುವಿಗಿಂತ ಮೊದಲು. ಸೈಕಲ್ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಒಟ್ಟಿಗೆ, ಒಂದೊಂದೇ ಬೆರಳಿನಲ್ಲಿ, ಮೆಲ್ಲಗೆ ಹಿಡಿಯಿರಿ. ವೇಗ ಇಳಿದ ಮೇಲೆ ಬೆರಳು ಸಡಿಲಿಸಿ ತಿರುಗಿ. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸಿ ಬೀಳುತ್ತೇವೆ ಅಂತ ಹೆದರಿ ಕೆಲವರು ಹಿಂದಿನದನ್ನಷ್ಟೇ ಹಿಡಿಯುತ್ತಾರೆ. ಅದೂ ತಪ್ಪು. ಸೈಕಲ್ ನಿಲ್ಲಿಸುವ ಶಕ್ತಿ ಹೆಚ್ಚಿರೋದು ಮುಂದಿನ ಬ್ರೇಕಿನಲ್ಲೇ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು, ಮೊಣಕೈ ಮೊಣಕಾಲು ಸ್ವಲ್ಪ ಬಗ್ಗಿಸಿ, ಮೈಭಾರ ಹಿಂದಕ್ಕೆ ಕೊಟ್ಟರೆ ಮುಗ್ಗರಿಸುವ ಭಯ ಬಹಳ ಕಡಿಮೆಯಾಗುತ್ತದೆ. ಇದನ್ನು ಕಲಿಯಲು ಗುಡ್ಡ ಬೇಕಾಗಿಲ್ಲ. ಶಾಲೆ ಮೈದಾನದಲ್ಲಿ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ನಿಲ್ಲಿಸಲು ಬರುವವರೆಗೂ ಮಾಡುತ್ತಿರಿ.

ಹಿಂದಿನ ಚಕ್ರ ಲಾಕ್ ಮಾಡಿ ಧೂಳೆಬ್ಬಿಸಿ ಜಾರಿಸುವುದು ನಿಮಗೆಲ್ಲ ಇಷ್ಟ ಅಂತ ಗೊತ್ತು. ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಚಕ್ರ ಜಾರಿದ ಕಡೆಯೆಲ್ಲ ನೆಲದ ಮೇಲ್ಪದರ ಕಿತ್ತು ಒಂದು ಗೆರೆ ಬೀಳುತ್ತದೆ. ಮೊದಲ ಮಳೆಯ ನೀರು ಅದೇ ಗೆರೆ ಹಿಡಿದು ಇಳಿಯುತ್ತದೆ. ಎರಡು ಮಳೆಗಾಲದಲ್ಲಿ ಅದು ಕೊರಕಲಾಗುತ್ತದೆ, ಕುರಿ ಕಾಯುವವರ ಕಾಲುದಾರಿ ಹೋಗುತ್ತದೆ. ಮುಂದಿನ ವರ್ಷ ಅದೇ ಕೊರಕಲಿಗೆ ಚಕ್ರ ಸಿಕ್ಕಿ ಬೀಳುವವರು ನಿಮ್ಮ ಗೆಳೆಯರೇ. ಜಾರಿಸದೆ ನಿಲ್ಲಿಸಬಲ್ಲವನೇ ಒಳ್ಳೆ ಸವಾರ ಅಂತ ನಾನು ನಂಬಿದ್ದೇನೆ.

ಕೆಳಗಿನ ಎರೆ ಹೊಲಗಳ ಕಡೆ ಇಳಿದರೆ ಕಥೆಯೇ ಬೇರೆ. ಮಳೆ ಬಂದಾಗ ಎರೆಮಣ್ಣು ಟಯರಿಗೆ ಮೆತ್ತಿ, ಫೋರ್ಕಿಗೂ ಬ್ರೇಕಿಗೂ ತುಂಬಿ, ಚಕ್ರ ತಿರುಗದಂತೆ ಮಾಡುತ್ತದೆ. ಹಸಿ ಎರೆಯಲ್ಲಿ ಸೈಕಲ್ ಹೋದ ಗುರುತು ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಉಳಿಯುತ್ತದೆ, ಎತ್ತಿನ ಕಾಲು ಹೊರಳುತ್ತದೆ. ಮಳೆ ನಿಂತು ನೆಲ ಆರುವವರೆಗೆ ಎರೆ ದಾರಿಗೆ ಹೋಗಲೇಬೇಡಿ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಡುತ್ತದೆ, ಉದ್ದುದ್ದ ಬಿರುಕಿನಲ್ಲಿ ಟಯರು ಹೂತುಕೊಳ್ಳುತ್ತದೆ. ತೊಗರಿ ಕೊಯ್ದ ಹೊಲವಂತೂ ಸವಾರನಿಗೆ ಹೇಳಿದ ಜಾಗವಲ್ಲ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ತೊಗರಿ ಕೂಳೆ ಗೇಣುದ್ದ ನಿಂತಿರುತ್ತದೆ, ತುದಿ ಭರ್ಚಿಯಂತೆ ಚೂಪು. ಟಯರು ಹೋದರೆ ಹೋಗಲಿ, ಅದರ ಮೇಲೆ ಬಿದ್ದರೆ ಏನು ಗತಿ? ಅಷ್ಟಕ್ಕೂ ಅದು ರೈತನ ಹೊಲ. ಬೆಳೆ ಇದ್ದರೂ ಇಲ್ಲದಿದ್ದರೂ ಒಡ್ಡು ದಾಟಿ ಒಳಗೆ ಹೋಗಬಾರದು. ಹಂದಿ, ಜಿಂಕೆ ಕಾಟಕ್ಕೆ ಹೊಲದ ಸುತ್ತ ತೆಳ್ಳನೆಯ ತಂತಿ ಎಳೆದಿರುತ್ತಾರೆ. ನಸುಕಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಅದರಲ್ಲಿ ಕರೆಂಟ್ ಇರಲೂಬಹುದು.

ಇನ್ನು ಈ ಊರಿಗೇ ವಿಶೇಷವಾದ ಒಂದು ಅಪಾಯ. ಇದು ಅಧಿಕಾರಿಗಳೂ ಗಮನವಿಟ್ಟು ಓದಬೇಕಾದ ಭಾಗ.

ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆ. ಜನ ಸುರಂಗ ಬಾವಿ ಅಂತ ಕರೆಯುತ್ತಾರೆ. ಮೇಲೆ ಬಿದ್ದ ಮಳೆ ನೀರು ಜಂಬಿಟ್ಟಿಗೆ ಕಲ್ಲಿನ ಮೂಲಕ ಇಂಗಿ, ಕೆಳಗಿನ ಕರಿಕಲ್ಲಿನ ಪದರ ತಾಗಿ ನಿಲ್ಲುತ್ತದೆ. ಆ ನೀರನ್ನು ನೆಲದಡಿಯ ಕಾಲುವೆಯಲ್ಲಿ, ಪಂಪಿಲ್ಲದೆ, ಬರೀ ಇಳಿಜಾರಿನ ಬಲದಿಂದ ಊರಿಗೆ ತಂದವರು ಸುಮಾರು ಆರು ನೂರು ವರ್ಷದ ಹಿಂದಿನ ಜನ. ಇರಾನಿನಿಂದ ಬಂದ ವಿದ್ಯೆ ಅದು. ಕಾಲುವೆ ತೋಡಲು, ಗಾಳಿ ಬೆಳಕು ಬಿಡಲು, ಹೂಳು ತೆಗೆಯಲು ಮೇಲಿನಿಂದ ಬಾವಿಯ ಹಾಗೆ ನೇರ ಕೊರೆದ ಬಾಯಿಗಳಿವೆ. ನೌಬಾದ್ ಸಾಲಿನಲ್ಲಿ ಅಂಥ 21 ಬಾಯಿಗಳನ್ನು ಗುರುತಿಸಿದ್ದಾರೆ. ಜಿಲ್ಲಾಡಳಿತವೇ ಹಿಂದೆ ಹೂಳು ತೆಗೆಸಿ ನೀರು ಮತ್ತೆ ಕಾಣುವಂತೆ ಮಾಡಿತು. ಅದು ಇಡೀ ಊರು ಹೆಮ್ಮೆಪಟ್ಟ ಕೆಲಸ.

ಈಗ ಸೈಕಲ್ ಸವಾರನ ಕಣ್ಣಿಂದ ಆ ಜಾಗ ನೋಡಿ. ಬಯಲು, ಹುಲ್ಲು, ಅಲ್ಲಲ್ಲಿ ಲಂಟಾನದ ಪೊದೆ. ಕಾಲುದಾರಿ ಸಮತಟ್ಟು, ಓಡಿಸಲು ಆಸೆಯಾಗುತ್ತದೆ. ಬಾಯಿ ನೆಲದ ಮಟ್ಟದಲ್ಲೇ ಇದ್ದು, ಸುತ್ತ ಹುಲ್ಲು ಬೆಳೆದಿದ್ದರೆ ಹತ್ತು ಹೆಜ್ಜೆ ದೂರ ಬರುವವರೆಗೂ ಅಲ್ಲೊಂದು ಗುಂಡಿ ಇದೆ ಅಂತ ಗೊತ್ತಾಗುವುದಿಲ್ಲ. ಒಳಗೆ ಹಲವು ಆಳು ಆಳ. ಮಳೆಗಾಲ ಮುಗಿದ ಮೇಲೆ, ಹುಲ್ಲು ಎದೆಮಟ್ಟ ಇರುವಾಗ, ಇದು ಇನ್ನೂ ಅಪಾಯ. ಕತ್ತಲಲ್ಲಿ ಹೆಡ್‌ಲೈಟ್ ಹಾಕಿಕೊಂಡು ಈ ಬಯಲಲ್ಲಿ ಓಡಿಸುವವರನ್ನು ಕೈಮುಗಿದು ಕೇಳುತ್ತೇನೆ, ಬೇಡ. ಗೊತ್ತಿರುವ ದಾರಿ ಬಿಟ್ಟು ಒಂದು ಮಾರು ಕೂಡ ಪಕ್ಕಕ್ಕೆ ಇಳಿಯಬೇಡಿ. ಹೊಸ ಜಾಗವಾದರೆ ಮೊದಲ ಸಲ ಇಳಿದು ನಡೆದೇ ನೋಡಿ. ಬಾಯಿಯ ಮೇಲೆ ಸೈಕಲ್ ಜಿಗಿಸುವ ರೀಲ್ಸ್ ಯಾರಾದರೂ ಮಾಡೋಣ ಅಂದರೆ ಅಲ್ಲೇ ತಡೆಯಿರಿ. ಗೆಳೆಯನಾದರೆ ತಡೆಯುವುದೇ ಗೆಳೆತನ.

ಊರ ಸುತ್ತ ಕೆಂಪು ಕಲ್ಲು ಕೊಯ್ದು ಬಿಟ್ಟ ಕ್ವಾರಿಗಳದೂ ಇದೇ ಕಥೆ. ಇಟ್ಟಿಗೆಯ ಹಾಗೆ ಚೌಕಕ್ಕೆ ಕೊಯ್ಯುವುದರಿಂದ ಅಂಚು ಗೋಡೆಯಂತೆ ನೇರ ಇಳಿಯುತ್ತದೆ. ಕಲಬುರಗಿ ಕಡೆಯ ಗೆಳೆಯರು ಶಹಾಬಾದ್ ಕಲ್ಲಿನ ಹಳೆ ಕ್ವಾರಿಗಳ ಬಗ್ಗೆ ಹೀಗೇ ಹುಷಾರಾಗಿರಬೇಕು. ಅವುಗಳಲ್ಲಿ ನೀರು ನಿಂತಿರುತ್ತದೆ, ಹತ್ತಿ ಬರಲು ಮೆಟ್ಟಿಲಿಲ್ಲ.

ದಾರಿಯಲ್ಲಿ ಸಿಗುವ ಜನರ ಬಗ್ಗೆ ನನಗೆ ಜಾಸ್ತಿ ಹೇಳಬೇಕಿದೆ, ಯಾಕೆಂದರೆ ಆ ದಾರಿ ಮೊದಲು ಅವರದು. ತಲೆ ಮೇಲೆ ಕಟ್ಟಿಗೆ ಹೊರೆ ಹೊತ್ತ ತಾಯಂದಿರನ್ನು ನೋಡಿ. ಹೊರೆ ಇದ್ದವರು ಕತ್ತು ತಿರುಗಿಸಲಾರರು. ಹಿಂದಿನಿಂದ ಸದ್ದಿಲ್ಲದೆ ಬಂದು ಕಿವಿ ಪಕ್ಕದಲ್ಲಿ ನುಗ್ಗಿದರೆ ಬೆಚ್ಚಿ ಕಾಲು ತಪ್ಪುತ್ತಾರೆ. ದೂರದಲ್ಲೇ ಬೆಲ್ ಹೊಡೆಯಿರಿ. ಬೆಲ್ ಇಲ್ಲದ ಸೈಕಲ್ಲಿಗೆ ಒಂದು ಬೆಲ್ ಹಾಕಿಸಿ, ಅದೇನು ದೊಡ್ಡ ಖರ್ಚಲ್ಲ. ಹತ್ತಿರ ಬಂದಾಗ ‘ಅವ್ವಾ, ಸೈಕಲ್ ಬರ್ಲಿಕತ್ತದ’ ಅಂತ ಒಂದು ಮಾತು ಹೇಳಿ. ಅವರು ಪಕ್ಕಕ್ಕೆ ಸರಿಯಲಿ ಅಂತ ಕಾಯಬೇಡಿ. ನೀವೇ ಇಳಿದು ದಾರಿ ಬಿಡಿ. ನಿಮಗಿರುವುದು ಹುರುಪು, ಅವರಿಗಿರುವುದು ಹೊರೆ.

ಕುರಿ ಹಿಂಡು ಅಡ್ಡ ಬಂದರೆ ನಿಲ್ಲಿಸಿ, ಒಂದು ಕಾಲು ಊರಿ, ಹಿಂಡು ಪೂರ್ತಿ ದಾಟಲಿ. ನಡುವೆ ನುಗ್ಗಿದರೆ ಹಿಂಡು ಎರಡು ಭಾಗವಾಗಿ ಚದುರುತ್ತದೆ. ಅದನ್ನು ಕೂಡಿಸಲು ಕುರಿ ಕಾಯುವ ಮುತ್ಯಾ ಬಿಸಿಲಲ್ಲಿ ಎಷ್ಟು ಓಡಬೇಕು! ಕುರಿ ನಾಯಿ ಬೊಗಳುತ್ತ ಬಂದರೆ ಜೋರಾಗಿ ತುಳಿದು ಓಡಬೇಡಿ, ಓಡಿದಷ್ಟೂ ಅಟ್ಟಿಸಿಕೊಂಡು ಬರುತ್ತದೆ. ಇಳಿದು, ನಾಯಿಗೂ ನಿಮಗೂ ನಡುವೆ ಸೈಕಲ್ ಇಟ್ಟುಕೊಂಡು ನಿಂತು, ಕುರಿ ಕಾಯುವವರನ್ನು ಕರೆಯಿರಿ. ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೊರಟಿರುತ್ತದೆ. ಎತ್ತಿನ ಬಂಡಿ, ಟ್ರ್ಯಾಕ್ಟರ್, ಬುತ್ತಿ ಗಂಟು ಹೊತ್ತ ಹೆಂಗಸರು, ಓಡಾಡುವ ಚಿಕ್ಕ ಮಕ್ಕಳು. ಅವತ್ತು ಹೊಲದ ದಾರಿಯಲ್ಲಿ ವೇಗದ ಮಾತೇ ಬೇಡ. ಕರೆದವರ ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ರೊಟ್ಟಿ ಉಂಡು ಬನ್ನಿ.

ಕಿರಿದಾದ ದಾರಿಯಲ್ಲಿ ಇಬ್ಬರು ಸವಾರರು ಎದುರಾದರೆ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕು. ಏರಿನಲ್ಲಿ ನಿಂತರೆ ಮತ್ತೆ ತುಳಿದು ಹೊರಡುವುದು ಕಷ್ಟ. ನಡೆಯುವವರಿಗಂತೂ ಇಬ್ಬರೂ ದಾರಿ ಬಿಡಬೇಕು. ಇದು ಜಗತ್ತಿನಾದ್ಯಂತ ಮೌಂಟನ್ ಬೈಕ್ ಸವಾರರು ಒಪ್ಪಿಕೊಂಡ ರೂಢಿ. ಈ ರೂಢಿ ಹುಟ್ಟಿದ್ದು ಜಗಳದಿಂದ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ 1976ರಲ್ಲಿ ಕೆಲವು ಹುಡುಗರು ಹಳೆ ಭಾರದ ಸೈಕಲ್‌ಗಳಲ್ಲಿ ಗುಡ್ಡದ ಮಣ್ಣು ರಸ್ತೆ ಇಳಿಯುವ ಪಂದ್ಯ ಶುರು ಮಾಡಿದರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ನಡುಭಾಗದೊಳಗೇ ಇರುತ್ತಿದ್ದ ಬ್ರೇಕಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಿತ್ತು. ಅಲ್ಲಿಂದ ಬೆಳೆದ ಆಟ 1996ರ ಅಟ್ಲಾಂಟಾ ಒಲಿಂಪಿಕ್ಸ್ ತಲುಪಿತು. ಆದರೆ ಅದೇ ಗುಡ್ಡಗಳಲ್ಲಿ ನಡೆಯುವವರು, ಕುದುರೆ ಸವಾರರು ದೂರು ಕೊಟ್ಟರು. ಎಷ್ಟೋ ಕಿರುದಾರಿಗಳನ್ನು ಸೈಕಲ್‌ಗೆ ಮುಚ್ಚಿದರು. ಹೀಗೆ ದಾರಿ ಕಳೆದುಕೊಳ್ಳುತ್ತಿದ್ದ ಕ್ಯಾಲಿಫೋರ್ನಿಯಾದ ಸೈಕಲ್ ಕ್ಲಬ್‌ಗಳು 1988ರಲ್ಲಿ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡವು. ತೆರೆದ ದಾರಿಯಲ್ಲಷ್ಟೇ ಓಡಿಸಿ, ಪ್ರಾಣಿಗಳನ್ನು ಹೆದರಿಸಬೇಡಿ, ಇತರರಿಗೆ ದಾರಿ ಬಿಡಿ ಅಂತ ಸವಾರರಿಗೆ ಕಲಿಸತೊಡಗಿದರು. ಆಟ ಹುಟ್ಟಿದ ಊರಲ್ಲೇ ಆಟಕ್ಕೆ ಬಾಗಿಲು ಮುಚ್ಚಿತ್ತು ಅಂದರೆ ಬೀದರಿನಲ್ಲಿ ಮುಚ್ಚಲು ಎಷ್ಟು ಹೊತ್ತು ಬೇಕು ಹೇಳಿ?

ಪ್ರಾಣಿಗಳ ವಿಷಯ. ನಮ್ಮ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು. ಹಿಂಡು ಕಂಡ ತಕ್ಷಣ ಅದರ ಜೊತೆ ಓಡಿಸಿ ವಿಡಿಯೋ ಮಾಡುವುದು ಕೆಲವರಿಗೆ ಆಟವಾಗಿದೆ. ಹುಟ್ಟಿದ ಮರಿಯನ್ನು ತಾಯಿ ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ಮೇಯುತ್ತಿರುತ್ತದೆ. ಮರಿ ಅಲ್ಲಾಡದೆ ಮಲಗಿರುತ್ತದೆ, ಸೈಕಲ್ ಬಂದರೂ ಏಳುವುದಿಲ್ಲ. ಟಿಟ್ಟಿಭ ಹಕ್ಕಿ ಬೇಸಿಗೆಯಿಂದ ಮಳೆಗಾಲದವರೆಗೆ ಬಯಲು ನೆಲದಲ್ಲೇ, ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆ ಇಡುತ್ತದೆ. ಹಕ್ಕಿ ಕಿರುಚುತ್ತ ತಲೆ ಮೇಲೆ ಸುತ್ತಿದರೆ ನಿಮ್ಮ ಚಕ್ರದ ಹತ್ತಿರವೇ ಮೊಟ್ಟೆ ಇರಬಹುದು. ನಿಂತು, ನೆಲ ನೋಡಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಮೀಸಲು ಅರಣ್ಯಕ್ಕೆ, 2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಕೋಟೆಯ ಗೋಡೆ, ಬುರುಜು, ಅಷ್ಟೂರಿನ ಗುಮ್ಮಟಗಳ ಕಟ್ಟೆ ಹತ್ತಿಸಿ ಓಡಿಸುವುದಂತೂ ಬೇಡವೇ ಬೇಡ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಸಲಕರಣೆಯ ಮಾತು ಬೇಗ ಮುಗಿಸುತ್ತೇನೆ. ಸೈಕಲ್ ಸವಾರರಿಗೆ ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವಲ್ಲ. ಆದರೂ ಹೆಲ್ಮೆಟ್ ಇಲ್ಲದೆ ಮನೆ ಬಾಗಿಲು ದಾಟಬೇಡಿ. ಹುಬ್ಬಿನ ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು ನೇರ ಕೂರಬೇಕು, ಪಟ್ಟಿಯೊಳಗೆ ಒಂದೆರಡು ಬೆರಳಷ್ಟೇ ಹೋಗಬೇಕು. ಒಳಗಿರುವ ಥರ್ಮೋಕೋಲ್ ಪೆಟ್ಟನ್ನು ತಾನು ಅಮುಕಿಕೊಂಡು ತಲೆ ಉಳಿಸುತ್ತದೆ. ಒಮ್ಮೆ ಅಮುಕಿದ್ದು ಮತ್ತೆ ಎದ್ದು ಬರುವುದಿಲ್ಲ. ಹಾಗಾಗಿ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು.

ಇನ್ನೊಂದು ಸಣ್ಣ ವಸ್ತು ಇದೆ, ಯಾರೂ ನೋಡುವುದೇ ಇಲ್ಲ. ಹ್ಯಾಂಡಲ್‌ನ ಎರಡು ತುದಿಗಳಲ್ಲಿ ಒಂದೊಂದು ಮುಚ್ಚಳ ಇರುತ್ತದೆ. ಸೈಕಲ್ ಗೋಡೆಗೆ ಒರಗಿಸಿ ಒರಗಿಸಿ ಗ್ರಿಪ್ಪಿನ ರಬ್ಬರು ಹರಿದು, ಮುಚ್ಚಳ ಬಿದ್ದು, ಬರೀ ಪೈಪಿನ ಬಾಯಿ ಹೊರಗೆ ಬಂದಿರುತ್ತದೆ. ಬೀಳುವಾಗ ಹ್ಯಾಂಡಲ್ ತಿರುಗಿ ಆ ಪೈಪು ಹೊಟ್ಟೆಗೆ ಚುಚ್ಚಿದರೆ ಹೊರಗೆ ಒಂದು ಉಂಗುರದಂಥ ಕಲೆ ಅಷ್ಟೇ ಕಾಣಬಹುದು, ಒಳಗೆ ಯಕೃತ್ತಿಗೋ ಗುಲ್ಮಕ್ಕೋ ಪೆಟ್ಟಾಗಿರುತ್ತದೆ. ನೋವು ತಡವಾಗಿಯೂ ಬರಬಹುದು. ಮಕ್ಕಳ ಸೈಕಲ್ ಇರುವ ಮನೆಯವರೆಲ್ಲ ಇವತ್ತೇ ಹೋಗಿ ಆ ತುದಿ ಮುಟ್ಟಿ ನೋಡಿ. ಹರಿದಿದ್ದರೆ ಹೊಸ ಗ್ರಿಪ್ ಹಾಕಿಸಿ. ಹೊಟ್ಟೆಗೆ ಹ್ಯಾಂಡಲ್ ತಾಗಿದ ಮಗುವನ್ನು ‘ಏನಾಗಿಲ್ಲ ಬಿಡು’ ಅಂತ ಮಲಗಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೊರಡುವ ಮೊದಲು ಬ್ರೇಕ್ ಲಿವರ್ ಒತ್ತಿ, ಹ್ಯಾಂಡಲ್‌ಗೆ ತಾಗಿದರೆ ಕೇಬಲ್ ಬಿಗಿಸಿ. ಕೆಂಪು ಧೂಳು ಬ್ರೇಕಿನ ರಬ್ಬರನ್ನು ಬೇಗ ತಿನ್ನುತ್ತದೆ. ಚಕ್ರವನ್ನು ಬಿಗಿಯುವ ಲಿವರ್ ಗಟ್ಟಿ ಕೂತಿದೆಯಾ ನೋಡಿ. ಬಳ್ಳಾರಿ ಜಾಲಿ ಮುಳ್ಳಿನ ಊರಲ್ಲಿ ಪಂಪು, ಒಂದು ಟ್ಯೂಬು, ಪಂಕ್ಚರ್ ಸಾಮಾನು ಇಲ್ಲದೆ ಹೊರಡುವುದು ಜಾಣತನವಲ್ಲ. ಗೇರು, ಮುಂದಿನ ಸ್ಪ್ರಿಂಗು ಇದ್ದ ಮಾತ್ರಕ್ಕೆ ಸೈಕಲ್ ಜಿಗಿಸಲು ಬರುತ್ತದೆ ಅಂತಲ್ಲ. ಎಷ್ಟೋ ಸೈಕಲ್‌ಗಳ ಜೊತೆ ಬರುವ ಪುಸ್ತಕದಲ್ಲೇ ಜಿಗಿಸಬೇಡಿ ಅಂತ ಬರೆದಿರುತ್ತದೆ.

ಬಿಸಿಲನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಆ ಎರಡು ತಿಂಗಳು ಒಂಬತ್ತು ಗಂಟೆಯೊಳಗೆ ಮನೆ ಸೇರಿ. ನೀರಿನ ಜೊತೆ ಒಂದು ಓಆರ್‌ಎಸ್ ಪೊಟ್ಟಣ ಇರಲಿ. ಜೊತೆಗಾರ ತಲೆನೋವು ಅಂದರೆ, ಮಾತು ತೊದಲಿದರೆ, ಬಿಸಿಲಲ್ಲೂ ಚಳಿ ಅಂದರೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ, 108ಕ್ಕೆ ಫೋನ್ ಮಾಡಿ. ಗುಡುಗು ಕೇಳಿಸಿದರೆ ಬಯಲಿನ ಎತ್ತರದಿಂದ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಸಿಡಿಲು ನಮ್ಮ ಜಿಲ್ಲೆಗಳಿಗೆ ಹೊಸದಲ್ಲ.

ಯಾರಾದರೂ ಬಿದ್ದರೆ ಕೈಹಿಡಿದು ಎಬ್ಬಿಸುವ ಆತುರ ಬೇಡ. ಕುತ್ತಿಗೆ ನೋವು ಅಂದರೆ, ಪ್ರಜ್ಞೆ ತಪ್ಪಿದ್ದರೆ ಅಲ್ಲಾಡಿಸಬೇಡಿ. ಹೆಲ್ಮೆಟ್ ಕೂಡ ಕಿತ್ತು ತೆಗೆಯಬೇಡಿ. ಉಸಿರಾಟ ನೋಡುತ್ತ ಪಕ್ಕದಲ್ಲೇ ಇರಿ. ತಲೆಗೆ ಪೆಟ್ಟು ಬಿದ್ದವನಿಗೆ ಇವತ್ತು ಯಾವ ವಾರ, ನಾವು ಎಲ್ಲಿಂದ ಬಂದೆವು ಅಂತ ಕೇಳಿ. ತಡಬಡಿಸಿದರೆ, ವಾಂತಿಯಾದರೆ, ನಿದ್ದೆ ಬರುತ್ತಿದೆ ಅಂದರೆ ತಡ ಮಾಡಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ನಂಜು ಇಳಿಸುವ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಒಯ್ಯಿರಿ. 2024ರಿಂದ ಕರ್ನಾಟಕದಲ್ಲಿ ಆಸ್ಪತ್ರೆಗಳು ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸಲೇಬೇಕು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದವರನ್ನು ಪೊಲೀಸರು ಸತಾಯಿಸುವ ಹಾಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ಅವರನ್ನು ಕಾಪಾಡುತ್ತದೆ. ಇದನ್ನು ದಾರಿಹೋಕರಿಗೂ ಹೇಳಿ. ಹೆದರಿ ದೂರ ನಿಲ್ಲುವವರು ಈಗಲೂ ಇದ್ದಾರೆ.

ಮಾನ್ಯ ಅಧಿಕಾರಿಗಳೇ, ಇಷ್ಟೆಲ್ಲ ಸವಾರರಿಗೆ ಹೇಳಿದ ಮೇಲೆ ನಿಮ್ಮನ್ನು ಕೇಳುವ ಧೈರ್ಯ ಬಂದಿದೆ.

ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು ಕರೇಜ್ ಬಾಯಿಗಳು. ಕೆಲವಕ್ಕೆ ಕಟ್ಟೆ ಇದೆ, ಕೆಲವು ಪೊದೆಯಲ್ಲಿ ಮುಚ್ಚಿಹೋಗಿವೆ, ಕೆಲವು ಕಟ್ಟಡಗಳ ನಡುವೆ ಸಿಕ್ಕಿಕೊಂಡಿವೆ. ದಯವಿಟ್ಟು ಕಾಂಕ್ರೀಟ್ ಹಲಗೆ ಹಾಕಿ ಮುಚ್ಚಬೇಡಿ. ಗಾಳಿ ನಿಂತರೆ, ಹೂಳೆತ್ತಲು ಇಳಿಯುವ ದಾರಿ ಹೋದರೆ ಕರೇಜ್ ಸಾಯುತ್ತದೆ. ಪುರಾತತ್ವ ಇಲಾಖೆಯವರನ್ನು ಕೇಳಿ, ಸೊಂಟದೆತ್ತರದ ಕಟ್ಟೆ, ಮೇಲೊಂದು ಕಬ್ಬಿಣದ ಜಾಲರಿ, ಬೀಗ ಹಾಕುವ ಬಾಗಿಲು ಮಾಡಿಸಿ. ಅಷ್ಟಾಗುವವರೆಗೆ ಸುತ್ತಲಿನ ಹುಲ್ಲು ಕೊಯ್ಯಿಸಿ, ನಾಲ್ಕು ಕಡೆ ಸುಣ್ಣ ಬಳಿದ ಕಲ್ಲು ನೆಡಿಸಿ. ಇದರಿಂದ ಉಳಿಯುವುದು ಸೈಕಲ್ ಸವಾರರಷ್ಟೇ ಅಲ್ಲ. ದನ ಕಾಯುವ ಹುಡುಗರು, ದನಗಳು, ಸಂಜೆ ವಾಕಿಂಗ್ ಬರುವ ಹಿರಿಯರು ಎಲ್ಲರೂ ಅಲ್ಲೇ ಓಡಾಡುತ್ತಾರೆ.

ಎರಡನೆಯದು, ನಮಗೊಂದು ದಾರಿ ಕೊಡಿ. ನಾಳೆ ಯಾರಿಗಾದರೂ ಪೆಟ್ಟಾದರೆ ಎಲ್ಲ ಕಡೆ ಸೈಕಲ್ ನಿಷೇಧ ಅಂತ ಬೋರ್ಡ್ ಹಾಕುವುದು ಸುಲಭ. ಬೋರ್ಡ್ ಹಾಕಿದ ಮೇಲೆ ಹುಡುಗರು ನಿಲ್ಲುವುದಿಲ್ಲ. ಯಾರೂ ನೋಡದ ಹೊತ್ತಿಗೆ, ಯಾರೂ ಇಲ್ಲದ ಜಾಗಕ್ಕೆ, ಕತ್ತಲಲ್ಲಿ ಹೋಗುತ್ತಾರೆ. ಕರೇಜ್ ಸಾಲು, ಕೃಷ್ಣಮೃಗದ ಹುಲ್ಲುಗಾವಲು, ಸ್ಮಾರಕಗಳು, ವಾಯುಪಡೆ ನೆಲೆಯ ಗೋಡೆ, ದನ ಮೇಯುವ ಗಾಯರಾಣ ಎಲ್ಲ ಬಿಟ್ಟು ಒಂದು ಪಾಳು ಜಾಗ ಗುರುತಿಸಿ. ಐದಾರು ಕಿಲೋಮೀಟರ್ ಸುತ್ತು ಸಾಕು. ಒಂದೇ ದಿಕ್ಕಿನಲ್ಲಿ ಓಡಿಸುವ ನಿಯಮ ಇರಲಿ, ಸೂರ್ಯ ಹುಟ್ಟಿದ ಮೇಲೆ ತೆರೆದು ಮುಳುಗುವ ಮುಂಚೆ ಮುಚ್ಚಲಿ, ಮಳೆ ಬಂದ ದಿನ ರಜೆ ಇರಲಿ. ದಾರಿ ಎಲ್ಲಿ ಹೋಗಬೇಕು ಅಂತ ತೀರ್ಮಾನಿಸುವಾಗ ಅಲ್ಲಿ ಕುರಿ ಮೇಯಿಸುವವರನ್ನು ಮೊದಲು ಕೇಳಿ.

ಮೂರನೆಯದು ಕಡಿಮೆ ಖರ್ಚಿನ ಕೆಲಸ. ಊರಿನವರು ಓಡಾಡುವ ಮುಖ್ಯ ಕಾಲುದಾರಿಗಳಲ್ಲಿ ಅರ್ಧ ಕಿಲೋಮೀಟರಿಗೊಂದು ಕಲ್ಲು ನೆಟ್ಟು, ದೊಡ್ಡ ಅಕ್ಷರದಲ್ಲಿ ನಂಬರ್ ಬರೆಸಿ. ಅದೇ ನಂಬರುಗಳ ನಕ್ಷೆ 108 ಮತ್ತು 112ರವರ ಹತ್ತಿರ ಇರಲಿ. ಬಯಲಲ್ಲಿ ಬಿದ್ದವನು ಫೋನ್ ಮಾಡಿದರೆ ‘ಎಲ್ಲಿದ್ದೀರಿ’ ಅನ್ನುವ ಪ್ರಶ್ನೆಗೆ ಈಗ ಉತ್ತರ ಇಲ್ಲ. ‘ಒಂದು ಬೇವಿನ ಮರ ಅದ ರೀ, ಮುಂದ ಒಂದು ಒಡ್ಡು ಅದ’ ಅಂದರೆ ಆಂಬುಲೆನ್ಸ್ ಡ್ರೈವರ್ ಏನು ಮಾಡಬೇಕು? ಬೋರ್ಡುಗಳು ಕನ್ನಡದ ಜೊತೆ ಉರ್ದು, ಮರಾಠಿಯಲ್ಲೂ ಇದ್ದರೆ ನಮ್ಮ ಜಿಲ್ಲೆಯ ಎಲ್ಲರಿಗೂ ಓದಲು ಬರುತ್ತದೆ.

ದುಡ್ಡಿಲ್ಲ ಅನ್ನುವ ಉತ್ತರ ಬರಬಹುದು. ಜಾಲರಿಗೆ ದುಡ್ಡು ಬೇಕು, ಒಪ್ಪುತ್ತೇನೆ. ಸುಣ್ಣಕ್ಕೆ, ಹುಲ್ಲು ಕೊಯ್ಯಲು ದುಡ್ಡು ಬೇಡ, ನಾವೇ ಬರುತ್ತೇವೆ. ಕರೇಜಿನ ನಕ್ಷೆ ಗೊತ್ತಿರುವ ಒಬ್ಬರನ್ನು ಒಂದು ಭಾನುವಾರ ಕಳಿಸಿ. ನಾವು ಗೆಳೆಯರು ಬಕೆಟ್, ಕುಡುಗೋಲು, ಕೈಗವಸು, ಹಗ್ಗ ತರುತ್ತೇವೆ. ಯಾವ ಬಾಯಿಯ ಹತ್ತಿರ ಎಷ್ಟು ದೂರ ನಿಲ್ಲಬೇಕು, ಯಾವ ಕಲ್ಲು ಮುಟ್ಟಬಾರದು ಅಂತ ಅವರು ಹೇಳಿದ ಹಾಗೇ ಕೆಲಸ ಮಾಡುತ್ತೇವೆ. ಜೂನ್ ಮಳೆ ಬಿದ್ದರೆ ಹುಲ್ಲು ಏಳುತ್ತದೆ, ಆಮೇಲೆ ಬಾಯಿ ಹುಡುಕುವುದೂ ಕಷ್ಟ. ಆದ್ದರಿಂದ ಮೇ ತಿಂಗಳೊಳಗೆ ಒಂದು ದಿನ ಗೊತ್ತು ಮಾಡಿ ತಿಳಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಬೆಳಗ್ಗೆ ಆರಕ್ಕೆ ನೌಬಾದ್‌ನಲ್ಲಿ ಇರುತ್ತೇವೆ.

ತಮ್ಮ ವಿಶ್ವಾಸಿ,
ಬೀದರಿನ ಒಬ್ಬ ಸೈಕಲ್ ಸವಾರ